ಜಂಪರಿನ ಕೊರಳು, ನವೋದಯದ ಪರೀಕ್ಷೆ

ಕೇಳುಗರಿಗೆ ನಮಸ್ಕಾರ.

ನವೋದಯ ಅಂದರೆ ಕೇಂದ್ರ ಸರ್ಕಾರದ ವಸತಿ ಶಾಲೆ, ಆರನೇ ತರಗತಿಗೆ ಸೇರಲು ಪ್ರವೇಶ ಪರೀಕ್ಷೆ ಬರೆಯಬೇಕು. ನನ್ನ ಮಗ ಐದನೇ ತರಗತಿಯಲ್ಲಿದ್ದಾಗ ಆ ಪರೀಕ್ಷೆಗೆ ಅವನನ್ನು ನಾನೇ ಮನೆಯಲ್ಲಿ ಕೂಡಿಸಿಕೊಂಡು ಓದಿಸಿದೆ. ವರ್ಷವೆಲ್ಲಾ ಬರೀ ಲೆಕ್ಕ. ಲಸಾಅ, ಮಸಾಅ, ಭಿನ್ನರಾಶಿ, ಲಾಭ-ನಷ್ಟ. ಹುಡುಗ ಪಟಪಟ ಮಾಡುತ್ತಿದ್ದ. ಆದರೂ ಸೀಟು ಸಿಗಲಿಲ್ಲ.

ಆಮೇಲೆ ಕೂತು ಅಂಕ ಎಣಿಸಿದೆ. ಅದನ್ನು ಮೊದಲೇ ಮಾಡಬೇಕಿತ್ತು, ಅಲ್ವಾ? 2 ಗಂಟೆ, 80 ಪ್ರಶ್ನೆ, 100 ಅಂಕ. ಲೆಕ್ಕಕ್ಕೆ 20 ಪ್ರಶ್ನೆ, 25 ಅಂಕ. ಭಾಷೆಗೂ ಅಷ್ಟೇ. ಉಳಿದ 40 ಪ್ರಶ್ನೆ, 50 ಅಂಕ ಪೂರ್ತಿ ಚಿತ್ರಗಳದ್ದು. ಗುಂಪಿಗೆ ಸೇರದ ಚಿತ್ರ ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಮಡಚಿದ ಕಾಗದಕ್ಕೆ ತೂತು ಮಾಡಿ ಬಿಚ್ಚಿದರೆ ಹೇಗಿರುತ್ತದೆ, ಹೀಗೆ. ಇದು ಶಾಲೆಯ ಪಾಠದಲ್ಲಿ ಹೆಚ್ಚೇನೂ ಇಲ್ಲ. ಅರ್ಧ ಪರೀಕ್ಷೆಯನ್ನು ನಾನು ಮುಟ್ಟೇ ಇರಲಿಲ್ಲ.

ಈಗ ಅದೇ ಪರೀಕ್ಷೆಗೆ ಮಗಳ ಸರದಿ. ಆದರೆ ಆ ಕಾಗದ ಮಡಚುವ ಪ್ರಶ್ನೆ ನನಗೇ ತಲೆಗೆ ಹೋಗುತ್ತಿರಲಿಲ್ಲ. ಒಂದು ದಿನ ಪಕ್ಕದ ಮನೆಯಾಕೆ ಬಂದಳು. ಆಕೆ ಹೊಲಿಗೆ ಮಾಡುತ್ತಾಳೆ. ಶಾಲೆ ಕಲಿತಿದ್ದು ಎರಡೋ ಮೂರೋ ವರ್ಷ. ಪುಸ್ತಕ ನೋಡಿ, "ಯಕ್ಕಾ, ಇದ್ರಾಗೇನದ? ಅರಿವಿ ಮಡಚಿ ಜಂಪರಿನ ಕೊರಳು ಕತ್ತರಿಸಿದಂಗ ಅಲ್ಲೇನು?" ಎಂದಳು. ಖರೇನೇ. ಅರಿವೆಯನ್ನು ಒಂದು ಸಲ ಮಡಚಿ ಅರ್ಧ ಕೊರಳು ಕತ್ತರಿಸುತ್ತಾರೆ, ಬಿಚ್ಚಿದರೆ ಪೂರ್ತಿ ಕೊರಳು. ಎರಡು ಸಲ ಮಡಚಿ ಒಂದು ತೂತು ಮಾಡಿದರೆ ನಾಲ್ಕು ತೂತು. ನಾನು ಡಿಗ್ರಿ ಓದಿದವಳು, ಸುಮ್ನೆ ಕೂತು ಕೇಳಿದೆ.

ಅವತ್ತಿನಿಂದ ನಮ್ಮ ಮನೆಯಲ್ಲಿ ಪುಸ್ತಕ ಕಡಿಮೆ, ಕತ್ತರಿ ಜಾಸ್ತಿ. ಚುಕ್ಕಿ ರಂಗೋಲಿಯ ಒಂದು ಮೂಲೆ ಬಿಟ್ಟು ಮಗಳಿಗೆ ಪೂರ್ತಿ ಮಾಡಲು ಹೇಳುತ್ತೇನೆ. ತನ್ನ ಹೆಸರು ಬರೆದು ಕನ್ನಡಿಗೆ ಹಿಡಿಯುತ್ತಾಳೆ. ಹಿಡಿಯುವ ಮೊದಲು ಹೇಗೆ ಕಾಣುತ್ತದೆಂದು ಬರೆದು ತೋರಿಸಬೇಕು, ಅದೇ ಆಟದ ನಿಯಮ.

ಲೆಕ್ಕವನ್ನು ಬಿಟ್ಟಿಲ್ಲ. ಆದರೆ ಈಗ ತೊಗರಿ ರಾಶಿಯ ಮುಂದೆಯೇ ಕೇಳುತ್ತೇನೆ. 3 ಕ್ವಿಂಟಲ್ 40 ಕಿಲೋ ತೊಗರಿ ತುಂಬಲು 50 ಕಿಲೋದ ಎಷ್ಟು ಚೀಲ ಬೇಕು? ಮಗಳು ಭಾಗಿಸಿ "ಆರು" ಎಂದಳು. ಉಳಿದ 40 ಕಿಲೋ ಉಡಿಯಲ್ಲಿ ಕಟ್ಟಿಕೊಳ್ಳುತ್ತೀಯಾ ಅಂದೆ. ಆಮೇಲೆ ಏಳು ಎಂದಳು.

ಇನ್ನೊಂದು ಮಾತು. ಇದು ಓದಿನದ್ದಲ್ಲ, ದಾಖಲೆಯದ್ದು. ನವೋದಯದಲ್ಲಿ ಕನಿಷ್ಠ 75 ಶೇಕಡಾ ಸೀಟು ಹಳ್ಳಿ ಮಕ್ಕಳಿಗೆ. ಆದರೆ ಮಗು 3, 4, 5 ಮೂರೂ ತರಗತಿ ಹಳ್ಳಿ ಶಾಲೆಯಲ್ಲೇ ಓದಿರಬೇಕು. ನಮ್ಮ ಕಡೆ ಏನು ಮಾಡುತ್ತಾರೆ? ಪರೀಕ್ಷೆಗೆ ಅನುಕೂಲ ಆಗಲಿ ಎಂದು ಐದನೇ ತರಗತಿಗೆ ಕಲಬುರಗಿ ಸಿಟಿಯ ಶಾಲೆಗೆ ಹಾಕುತ್ತಾರೆ. ಹಾಕಿದರೋ, ಆ ಹಳ್ಳಿ ಸೀಟಿನ ಹಕ್ಕು ಹೋಯಿತು. ಯಾದಗಿರಿಯವರು ಕಲಬುರಗಿಯಲ್ಲಿ ಓದಿಸಿ ಯಾದಗಿರಿಯ ನವೋದಯಕ್ಕೆ ಅರ್ಜಿ ಹಾಕುತ್ತೇವೆ ಅಂದರೂ ಆಗದು. ಮಗು ವಾಸವಿರುವ ಜಿಲ್ಲೆಯಲ್ಲೇ ಐದನೇ ತರಗತಿ ಓದುತ್ತಿರಬೇಕು, ಅರ್ಜಿಯೂ ಆ ಜಿಲ್ಲೆಯ ನವೋದಯಕ್ಕೇ. ಆರನೇ ತರಗತಿಯ ಈ ಪರೀಕ್ಷೆ ಬರೆಯಲು ಒಂದೇ ಅವಕಾಶ, ಎರಡನೇ ಸಲ ಇಲ್ಲ.

ಉತ್ತರ ಬರೆಯುವುದು ಓಎಂಆರ್ ಹಾಳೆಯಲ್ಲಿ. ಪೆನ್ನಿನಿಂದ ಗೋಲ ತುಂಬಿದರೆ ಮುಗಿಯಿತು, ಅಳಿಸುವಂತಿಲ್ಲ. ಹತ್ತು ವರ್ಷದ ಮಗುವಿಗೆ ಇದು ಸಣ್ಣ ಕೆಲಸವಲ್ಲ. ಒಂದು ಪ್ರಶ್ನೆ ಬಿಟ್ಟು, ಮುಂದಿನದರ ಉತ್ತರವನ್ನು ಆ ಬಿಟ್ಟ ಪ್ರಶ್ನೆಯ ಸಾಲಿನಲ್ಲೇ ತುಂಬಿದರೆ ಸಾಲು ಸಾಲೇ ತಪ್ಪುತ್ತದೆ. ಅದಕ್ಕೆ ಖಾಲಿ ಹಾಳೆಯ ಝೆರಾಕ್ಸ್ ತಂದಿಟ್ಟಿದ್ದೇನೆ. ಭಾನುವಾರ ಗಡಿಯಾರ ಇಟ್ಟು 2 ಗಂಟೆ ಕೂಡಿಸುತ್ತೇನೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಕೊನೆಗೆ ಒಂದೂ ಪ್ರಶ್ನೆ ಖಾಲಿ ಬಿಡಬೇಡ ಎಂದು ಹೇಳಿದ್ದೇನೆ.

ಮಗನ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಊರಿನ ಹೈಸ್ಕೂಲಿಗೆ ಹೋಗುತ್ತಾನೆ, ಚೆನ್ನಾಗಿದ್ದಾನೆ. ತಂಗಿಗೆ ಕನ್ನಡಿ ಹಿಡಿಯುವವನು ಅವನೇ.

ಕಷ್ಟ ಆಗಿರುವುದು ನಮ್ಮ ಮಾವನವರಿಗೆ. ಬೆಳಿಗ್ಗೆ ಪೇಪರ್ ಬಿಡಿಸಿದರೆ ಸುದ್ದಿಯ ನಡುವೆ ನಾಲ್ಕು ತೂತು. "ಇವತ್ತು ಎಷ್ಟು ಮಡಿಕೆ ಹಾಕಿದ್ದೀಯವ್ವಾ?" ಎಂದು ಮೊಮ್ಮಗಳನ್ನು ಕೇಳಿ, ಉಳಿದಿದ್ದನ್ನು ಓದುತ್ತಾರೆ.

ನಮಸ್ಕಾರ.