ಹಳಿ ಹಾಕೋರು ಒಬ್ರು, ರೈಲು ಬಿಡಬಹುದು ಅನ್ನೋರು ಇನ್ನೊಬ್ರು: ಯಾರೀ ರೈಲ್ವೆ ಸುರಕ್ಷತಾ ಆಯುಕ್ತರು?

[ದೃಶ್ಯ: ಚಿತ್ರದುರ್ಗ ಸ್ಟೇಷನ್, ಬೆಳಗ್ಗೆ]

ಎಲ್ರಿಗೂ ನಮಸ್ಕಾರ. ತುಮಕೂರು–ಚಿತ್ರದುರ್ಗ–ದಾವಣಗೆರೆ ಹೊಸ ಲೈನ್ ಬಗ್ಗೆ ಏನೇ ಮಾತು ಬಂದ್ರೂ ಕಡೆಗೆ ಎಲ್ರೂ ಕೇಳೋದು ಒಂದೇ, ಅಣ್ಣ ರೈಲು ಯಾವಾಗ ಬಿಡ್ತಾರೆ ಅಂತ. ಕೇಳೋದ್ರಲ್ಲಿ ತಪ್ಪಿಲ್ಲ ಬಿಡಿ, ಇವತ್ತಿಗೂ ದುರ್ಗದೋರು ರೈಲಲ್ಲಿ ಬೆಂಗಳೂರಿಗೆ ಹೋಗ್ಬೇಕು ಅಂದ್ರೆ ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಎಲ್ಲಾ ಸುತ್ಕೊಂಡೇ ಹೋಗ್ಬೇಕು. ಆದ್ರೆ ಹಳಿ ಜೋಡಿಸಿದ ತಕ್ಷಣ ರೈಲು ಬಿಡೋಕಾಗಲ್ಲ. ಹೊಸ ಲೈನಲ್ಲಿ ಪ್ಯಾಸೆಂಜರ್ ಗಾಡಿ ಓಡ್ಬೇಕಾದ್ರೆ ಮೊದಲು ಒಬ್ಬ ಆಫೀಸರ್ ಬಂದು ನೋಡಿ ಸರಿಯಿದೆ ಅನ್ಬೇಕು, ಅವರು ರೈಲ್ವೆ ಇಲಾಖೆಗೆ ಸೇರಿದವರೇ ಅಲ್ಲ.

ಅವರೇ ರೈಲ್ವೆ ಸುರಕ್ಷತಾ ಆಯುಕ್ತರು, ಸಿಆರ್‌ಎಸ್. ನಮ್ಮ ಕಡೆ ಲೈನ್‌ಗಳನ್ನ ನೋಡೋ ದಕ್ಷಿಣ ವೃತ್ತದ ಆಫೀಸು ಬೆಂಗಳೂರಲ್ಲಿದೆ, ಇವರಿಗೆಲ್ಲ ಮೇಲಿನ ಮುಖ್ಯ ಆಯುಕ್ತರು ಕೂರೋದು ಲಖನೌದಲ್ಲಿ.

ಅವರು ಬಂದಾಗ ಏನು ಮಾಡ್ತಾರೆ ಅಂದ್ರೆ, ಮೊದಲು ಮೋಟಾರ್ ಟ್ರಾಲಿ ಮೇಲೆ ಕೂತು ಹೊಸ ಹಳಿ ಉದ್ದಕ್ಕೂ ಹೋಗ್ತಾರೆ, ಬೇಕಾದ ಕಡೆ ಇಳಿದು ಜಲ್ಲಿ ಸರಿಯಾಗಿ ಬಿದ್ದಿದ್ಯಾ, ತಿರುವಲ್ಲಿ ಹಳಿ ಎಷ್ಟು ಎತ್ತರಿಸಿದ್ದಾರೆ, ಸೇತುವೆ ಹೆಂಗಿದೆ, ಪಾಯಿಂಟ್ (ಗಾಡಿನ ಒಂದು ಹಳಿಯಿಂದ ಇನ್ನೊಂದು ಹಳಿಗೆ ತಿರುಗಿಸೋ ಜಾಗ) ಒಂದ್ಕಡೆ ತಿರುಗಿದ್ರೆ ಸಿಗ್ನಲ್ ಅದಕ್ಕೆ ತಕ್ಕಂತೆ ಬದಲಾಗುತ್ತಾ, ಇಷ್ಟನ್ನೂ ನೋಡ್ತಾರೆ. ಆಮೇಲೆ ಸ್ಪೀಡ್ ಟ್ರಯಲ್. ಸರಿ ಅನ್ನಿಸಿದ್ರೆ ಒಪ್ಪಿಗೆ, ಇಲ್ಲಾಂದ್ರೆ ಇಷ್ಟೇ ವೇಗದಲ್ಲಿ ಓಡಿಸಿ, ಇದನ್ನ ಮೊದಲು ಸರಿಮಾಡಿ ಅಂತ ಷರತ್ತು. ನಮ್ಮ ಮೆಟ್ರೋ ಹಳದಿ ಲೈನ್ 2025ರ ಆಗಸ್ಟ್ 10ಕ್ಕೆ ಉದ್ಘಾಟನೆ ಆಗೋ ಮುಂಚೆ ಟೀವಿಯಲ್ಲಿ ಸುರಕ್ಷತಾ ಆಯುಕ್ತರ ತಪಾಸಣೆ ಅಂತ ಬರ್ತಿತ್ತಲ್ಲ, ಅದೂ ಇದೇ ತರದ ಕೆಲಸ.

[ದೃಶ್ಯ: ಹಳೇ ನಕ್ಷೆ]

ಈಗ ನಂಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರೋಣ. ಇವರ ಸಂಬಳ ಬರೋದು ವಿಮಾನಯಾನ ಸಚಿವಾಲಯದಿಂದ! ರೈಲಿಗೂ ವಿಮಾನಕ್ಕೂ ಏನ್ ಸಂಬಂಧ ಅನ್ಸುತ್ತೆ ಅಲ್ವಾ? 1905ರಲ್ಲಿ ರೈಲು ನಡೆಸೋ ರೈಲ್ವೆ ಬೋರ್ಡ್ ಬಂದಾಗ ಆಗ ಇನ್‌ಸ್ಪೆಕ್ಟರ್ ಅಂತಿದ್ದ ಇವರನ್ನ ಅದರ ಕೈಕೆಳಗೇ ಹಾಕಿದ್ರು, ಅಂದ್ರೆ ತಪ್ಪು ಹುಡುಕೋನು ತಪ್ಪು ಮಾಡಿದೋನ ಕೈಕೆಳಗೇ ಕೆಲಸ ಮಾಡ್ಬೇಕು. 1935ರ ಭಾರತ ಸರ್ಕಾರ ಕಾಯ್ದೆ ಬಂದಾಗ ಇದು ಬೇರೆ ಇರ್ಬೇಕು ಅನ್ನೋ ಮಾತು ಗಟ್ಟಿಯಾಯ್ತು, 1941ರಲ್ಲಿ ರೈಲ್ವೆ ಬೋರ್ಡ್‌ನಿಂದ ಆಚೆ ತಂದ್ರು, 1961ರಲ್ಲಿ ಈಗಿನ ಹೆಸರು ಬಂತು, 1967ರಲ್ಲಿ ವಿಮಾನಯಾನದ ಕೆಳಗೆ ಹೋಯ್ತು. ಹೊಲ ಕಾಯೋಕೆ ಇಟ್ಟೋನ ಕೂಲಿ ದನದ ಯಜಮಾನನೇ ಕೊಟ್ರೆ ಹೊಲ ಉಳಿಯುತ್ತಾ ಹೇಳಿ.

ಈ ಹುದ್ದೆಗೆ ನೇರವಾಗಿ ಪರೀಕ್ಷೆ ಬರೆದು ಹೋಗೋಕಾಗಲ್ಲ. ಇಂಜಿನಿಯರಿಂಗ್ ಓದಿ, ಯುಪಿಎಸ್‌ಸಿ ಇಂಜಿನಿಯರಿಂಗ್ ಸರ್ವಿಸ್ ಪರೀಕ್ಷೆ ಪಾಸಾಗಿ ರೈಲ್ವೆ ಸೇರಿದೋರು, ಹಳಿ, ಸೇತುವೆ, ಸಿಗ್ನಲ್ ಅಂತ ವರ್ಷಾನುಗಟ್ಟಲೆ ದುಡಿದ ಮೇಲೆ ಈ ಕಡೆ ಬರ್ತಾರೆ. ಅನುಭವ ಇಲ್ಲದೋರಿಗೆ ಹಳಿ ಏನ್ ಹೇಳ್ತಿದೆ ಅಂತ ಗೊತ್ತಾಗಲ್ಲ, ಅದು ನಿಜ. ಆದ್ರೆ ನಿನ್ನೆವರೆಗೂ ಜೊತೆಗೆ ಕೆಲಸ ಮಾಡಿದೋರ ತಪ್ಪನ್ನ ಇವತ್ತು ಬರೆದು ಕೊಡ್ಬೇಕಲ್ಲ, ಅದು ಎಷ್ಟು ಕಷ್ಟ ಅಂತ ಒಂದ್ಸಲ ಯೋಚನೆ ಮಾಡಿ.

[ದೃಶ್ಯ: ಕಪ್ಪು ಪರದೆ, ದಿನಾಂಕ ಮಾತ್ರ]

ಹೊಸ ಲೈನ್ ನೋಡೋದಷ್ಟೇ ಅಲ್ಲ, ದೊಡ್ಡ ಅಪಘಾತ ಆದ್ರೆ ತನಿಖೆ ಮಾಡೋದೂ ಇವರೇ. 2023ರ ಜೂನ್ 2, ಒಡಿಶಾದ ಬಹಾನಗಾ ಬಜಾರ್ ಸ್ಟೇಷನ್. ಕೋರಮಂಡಲ್ ಎಕ್ಸ್‌ಪ್ರೆಸ್ ನಿಂತಿದ್ದ ಗೂಡ್ಸ್‌ಗೆ ಗುದ್ದಿ, ಅದರ ಬೋಗಿಗಳು ಪಕ್ಕದಲ್ಲಿ ಹೋಗ್ತಿದ್ದ ಗಾಡಿಗೂ ಬಡಿದ್ವು. ಆ ಗಾಡಿ ನಮ್ಮ ಬೆಂಗಳೂರಿಂದ ಹೌರಾಕ್ಕೆ ಹೊರಟಿದ್ದು. 290ಕ್ಕೂ ಹೆಚ್ಚು ಜನ ಹೋಗ್ಬಿಟ್ರು. ಆಯುಕ್ತರ ತನಿಖೆಯಲ್ಲಿ ಗೊತ್ತಾಗಿದ್ದು ಏನಂದ್ರೆ ಲೆವೆಲ್ ಕ್ರಾಸಿಂಗ್ ಗೇಟಿನ ಕೆಲಸ ಮಾಡ್ತಾ ಸಿಗ್ನಲ್ ವೈರಿಂಗಲ್ಲಿ ತಪ್ಪಾಗಿತ್ತು, ಅದಕ್ಕೂ ಹಿಂದೆ ಅದೇ ಸರ್ಕ್ಯೂಟ್ ಬದಲಾಯಿಸಿದಾಗಿನ ತಪ್ಪು ಬೇರೆ ಹಂಗೇ ಉಳಿದಿತ್ತು, ಅದಕ್ಕೇ ಸಿಗ್ನಲ್ ನೇರ ಹೋಗು ಅಂತ ಹಸಿರು ತೋರಿಸ್ತಿದ್ರೆ ಪಾಯಿಂಟ್ ಮಾತ್ರ ಗೂಡ್ಸ್ ನಿಂತಿದ್ದ ಪಕ್ಕದ ಹಳಿ, ಅಂದ್ರೆ ಲೂಪ್ ಲೈನ್ ಕಡೆ ತಿರುಗಿತ್ತು. ಗಾಡಿ ಓಡಿಸ್ತಿದ್ದ ಲೋಕೋ ಪೈಲಟ್ ಹಸಿರು ನೋಡಿ ಹೋಗಿದ್ದಾರೆ, ಅಷ್ಟೇ. ನಂಗೆ ನಿದ್ದೆ ಕೆಡಿಸಿದ ಸಾಲು ಇನ್ನೊಂದಿದೆ: 2022ರ ಮೇ ತಿಂಗಳಲ್ಲಿ ಅದೇ ಖರಗ್‌ಪುರ ಡಿವಿಜನ್‌ನ ಬಂಕ್ರಾನಯಾಬಾಜ್ ಸ್ಟೇಷನ್ನಲ್ಲಿ ಇಂಥದ್ದೇ ವೈರಿಂಗ್ ತಪ್ಪಾಗಿತ್ತು, ಆಗಲೇ ಸರಿ ಮಾಡಿಕೊಂಡಿದ್ರೆ ಈ ಅಪಘಾತ ಆಗ್ತಿರ್ಲಿಲ್ಲ ಅಂತ ರಿಪೋರ್ಟಲ್ಲಿದೆ.

ಇವರ ಶಿಫಾರಸನ್ನ ಜಾರಿ ಮಾಡೋದು ಮಾತ್ರ ರೈಲ್ವೆ ಕೈಯಲ್ಲೇ ಇದೆ. ಅದಕ್ಕೇ 2012ರಲ್ಲಿ ರೈಲ್ವೆ ಸುರಕ್ಷತೆ ಬಗ್ಗೆ ವರದಿ ಕೊಟ್ಟ ಅನಿಲ್ ಕಾಕೋಡ್ಕರ್ ಸಮಿತಿ ಇನ್ನೂ ಹೆಚ್ಚು ಅಧಿಕಾರ ಇರೋ ಪ್ರತ್ಯೇಕ ಸುರಕ್ಷತಾ ಪ್ರಾಧಿಕಾರ ಬೇಕು ಅಂತ ಹೇಳಿತ್ತು. ನನ್ನ ಅಭಿಪ್ರಾಯವೂ ಅದೇ.

ಕೊನೇದಾಗಿ ಒಂದು ಉಪಯೋಗಕ್ಕೆ ಬರೋ ಮಾತು. ದೊಡ್ಡ ಅಪಘಾತ ಆದ್ಮೇಲೆ ಆಯುಕ್ತರ ವಿಚಾರಣೆ ಎಲ್ಲಿ, ಯಾವತ್ತು ಅಂತ ಪೇಪರಲ್ಲಿ ಪ್ರಕಟಣೆ ಬರುತ್ತೆ, ವಿಷಯ ಗೊತ್ತಿರೋರು ಯಾರು ಬೇಕಾದ್ರೂ ಹೋಗಿ ಹೇಳಬಹುದು, ಇಲ್ಲಾಂದ್ರೆ ಬರೆದು ಕಳಿಸಬಹುದು. ಬೋಗಿಯಲ್ಲಿ ಕೂತಿದ್ದೋರೇ ಆಗ್ಬೇಕಂತಿಲ್ಲ, ಹಳಿ ಪಕ್ಕದ ಹೊಲದಲ್ಲಿ ಮೆಕ್ಕೆಜೋಳ ಮುರೀತಿದ್ದೋರು ಗಾಡಿ ಹೋಗುವಾಗ ಏನ್ ಸದ್ದು ಬಂತು ಅಂತ ಹೇಳಿದ್ರೂ ಅದು ಸಾಕ್ಷಿನೇ.