ಗ್ರೀನ್ ಟೀ: ಯಾವಾಗ, ಎಷ್ಟು, ಹೇಗೆ?

ಕೇಳುಗರೇ, ನಮಸ್ಕಾರ.

ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ದಿನಕ್ಕೆ ನಾಲ್ಕು ಸಲ ಟೀ ಕುಡಿಯುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಂದೊಂದು ಲೋಟಕ್ಕೆ ಎರಡು ಚಮಚ ಸಕ್ಕರೆ ಅಂತಿಟ್ಟುಕೊಳ್ಳಿ. ಚಿಕ್ಕ ಚಮಚದಲ್ಲಿ ಹೆಚ್ಚುಕಡಿಮೆ 4 ಗ್ರಾಂ ಸಕ್ಕರೆ ಹಿಡಿಯುತ್ತದೆ. ಅಲ್ಲಿಗೆ ಬರೀ ಟೀಯಿಂದಲೇ ದಿನಕ್ಕೆ 32 ಗ್ರಾಂ ಆಯಿತು. ದಿನದ ಸಕ್ಕರೆ 25 ಗ್ರಾಂ ಒಳಗೆ ಇದ್ದರೆ ಇನ್ನೂ ಒಳ್ಳೆಯದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿಸ್ಕತ್ತು, ಬೇಕರಿ ತಿಂಡಿ, ಹಬ್ಬದ ಸಿಹಿ ಇವೆಲ್ಲ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಗ್ರೀನ್ ಟೀಯಿಂದ ಏನು ಲಾಭ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಆ ನಾಲ್ಕು ಲೋಟದಲ್ಲಿ ಎರಡರ ಜಾಗಕ್ಕೆ ಸಕ್ಕರೆ ಹಾಕದ ಗ್ರೀನ್ ಟೀ ಬರಲಿ. ಅವತ್ತಿನಿಂದಲೇ 16 ಗ್ರಾಂ ಸಕ್ಕರೆ ಕಡಿಮೆ ಆಗುತ್ತದೆ. ಎಲೆಯ ಒಳಗಿನ ಗುಣ ಏನಿದ್ದರೂ ಅದರ ಮೇಲೆ ಸಿಗುವ ಲಾಭ.

ಆ ಗುಣದ ವಿಷಯಕ್ಕೆ ಬರೋಣ. ಗ್ರೀನ್ ಟೀಗೆ ಬೇರೆ ಗಿಡ ಇದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹಾಗೇನಿಲ್ಲ. ನಾವು ದಿನಾ ಕುದಿಸುವ ಟೀ ಪುಡಿಯೂ ಗ್ರೀನ್ ಟೀಯೂ ಬರುವುದು ಒಂದೇ ಗಿಡದಿಂದ. ವ್ಯತ್ಯಾಸ ಇರುವುದು ಎಲೆ ಕಿತ್ತ ಮೇಲೆ. ಬದನೆಕಾಯಿ ಹೆಚ್ಚಿ ಹಾಗೇ ಬಿಟ್ಟರೆ ಸ್ವಲ್ಪ ಹೊತ್ತಿಗೆ ಕಪ್ಪಾಗುತ್ತದೆ ಅಲ್ವಾ, ಚಹಾ ಎಲೆಯನ್ನು ಉಜ್ಜಿ ಗಾಳಿಗೆ ಬಿಟ್ಟರೂ ಹಾಗೇ ಕಪ್ಪಾಗುತ್ತದೆ. ಅದೇ ನಮ್ಮ ಮಾಮೂಲಿ ಟೀ. ಗ್ರೀನ್ ಟೀಗೆ ಮಾತ್ರ, ಕಿತ್ತ ಎಲೆ ಕಪ್ಪಾಗಲು ಬಿಡುವುದಿಲ್ಲ. ಜಪಾನಿನಲ್ಲಿ ಹಬೆಯಲ್ಲಿ ಬೇಯಿಸುತ್ತಾರೆ. ಚೀನಾದಲ್ಲಿ ಹೆಚ್ಚಾಗಿ ಬಾಣಲೆಯಲ್ಲಿ ಹುರಿಯುತ್ತಾರೆ. ಬಿಸಿ ತಾಗಿದ ಕೂಡಲೇ ಕಪ್ಪಾಗಿಸುವ ಕಿಣ್ವ ಕೆಲಸ ನಿಲ್ಲಿಸುತ್ತದೆ. ಕ್ಯಾಟೆಚಿನ್ ಅನ್ನುವ ಒಗರು ಪದಾರ್ಥಗಳು ಎಲೆಯಲ್ಲೇ ಉಳಿಯುತ್ತವೆ. ಗ್ರೀನ್ ಟೀ ಬಗ್ಗೆ ನಡೆದ ಸಂಶೋಧನೆಯೆಲ್ಲ ಬಹುಪಾಲು ಈ ಕ್ಯಾಟೆಚಿನ್ ಸುತ್ತಲೇ ನಡೆದಿದೆ.

ಇಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಹೇಳಲೇಬೇಕು. ಮಿಚಿಯೊ ತ್ಸುಜಿಮುರಾ. ಹುಟ್ಟಿದ್ದು 1888ರಲ್ಲಿ, ಜಪಾನಿನಲ್ಲಿ. 1920ರಲ್ಲಿ ಹೊಕ್ಕೈಡೊ ವಿಶ್ವವಿದ್ಯಾಲಯಕ್ಕೆ ಹೋದರೆ, ಅಲ್ಲಿ ಹೆಂಗಸರನ್ನು ವಿದ್ಯಾರ್ಥಿಗಳಾಗಿ ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಸಂಬಳವೇ ಇಲ್ಲದ ಸಹಾಯಕಿಯಾಗಿ ಪ್ರಯೋಗಾಲಯ ಸೇರಿದರು. ಆಮೇಲೆ ಟೋಕಿಯೋಗೆ ಹೋದರು. 1923ರ ದೊಡ್ಡ ಭೂಕಂಪದಲ್ಲಿ ಅಲ್ಲಿನ ಪ್ರಯೋಗಾಲಯ ಹಾಳಾಯಿತು. ಇನ್ನೊಂದು ಕಡೆ ಕೆಲಸ ಮುಂದುವರಿಸಿದರು. 1924ರಲ್ಲಿ ಸಹೋದ್ಯೋಗಿಯೊಬ್ಬರ ಜೊತೆ ಸೇರಿ ಗ್ರೀನ್ ಟೀಯಲ್ಲಿ ಸಿ ವಿಟಮಿನ್ ಇದೆ ಅಂತ ತೋರಿಸಿದರು. 1929ರಲ್ಲಿ ಕ್ಯಾಟೆಚಿನ್ ಅನ್ನು ಬೇರ್ಪಡಿಸಿದರು. 1932ರಲ್ಲಿ ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಬಂತು. ಆ ವಿಷಯದಲ್ಲಿ ಡಾಕ್ಟರೇಟ್ ಪಡೆದ ಜಪಾನಿನ ಮೊದಲ ಮಹಿಳೆ ಅವರು. ಇವತ್ತು ಟೀ ಡಬ್ಬಿಯ ಮೇಲೆ ಕ್ಯಾಟೆಚಿನ್ ಅನ್ನುವ ಹೆಸರು ಕಂಡಾಗ ಇವರ ನೆನಪಾದರೆ ನನಗೆ ಸಂತೋಷ.

ಇನ್ನು, ಕುಡಿದವರಿಗೆ ನಿಜವಾಗಿ ಒಳ್ಳೆಯದಾಗಿದೆಯಾ? ಜಪಾನಿನ ಈಶಾನ್ಯ ಭಾಗದ ಮಿಯಾಗಿ ಪ್ರಾಂತ್ಯದಲ್ಲಿ ಓಸಾಕಿ ಅನ್ನುವ ಪ್ರದೇಶ ಇದೆ. ತೊಹೊಕು ವಿಶ್ವವಿದ್ಯಾಲಯದವರು ಅಲ್ಲಿನ 40ರಿಂದ 79 ವರ್ಷದ 40,530 ಜನರನ್ನು 1994ರಿಂದ ಹನ್ನೊಂದು ವರ್ಷ ಗಮನಿಸಿದರು. ಫಲಿತಾಂಶ 2006ರಲ್ಲಿ ಬಂತು. ದಿನಕ್ಕೆ ಐದು ಕಪ್ ಅಥವಾ ಅದಕ್ಕಿಂತ ಜಾಸ್ತಿ ಗ್ರೀನ್ ಟೀ ಕುಡಿಯುವವರಲ್ಲಿ, ದಿನಕ್ಕೆ ಒಂದು ಕಪ್‌ಗಿಂತ ಕಡಿಮೆ ಕುಡಿಯುವವರಿಗಿಂತ ಸಾವಿನ ಪ್ರಮಾಣ ಶೇಕಡಾ 16ರಷ್ಟು ಕಡಿಮೆ ಇತ್ತು. ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಆಗುವ ಸಾವಿನಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ. ಹೆಂಗಸರಲ್ಲಿ ಎದ್ದು ಕಾಣುವಂತಿತ್ತು. ಕ್ಯಾನ್ಸರ್ ಸಾವಿನಲ್ಲಿ ಮಾತ್ರ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಐದು ಕಪ್ ಅಂದ ಕೂಡಲೇ ಹೆದರಬೇಡಿ. ಅಲ್ಲಿನ ಕಪ್ 100 ಮಿಲಿಯದ್ದು. ಒಟ್ಟು ಅರ್ಧ ಲೀಟರ್. ನಮ್ಮ ಲೆಕ್ಕದಲ್ಲಿ ಎರಡೂವರೆ ಲೋಟ ಆದೀತು. ಇನ್ನೊಂದು ಮಾತು. ಇದು ಜನರನ್ನು ಗಮನಿಸಿ ಬರೆದ ಲೆಕ್ಕ. ಚಹಾ ಕುಡಿಯುವವರ ಊಟ, ನಡಿಗೆ, ಬದುಕಿನ ರೀತಿಯ ಪಾಲೂ ಅದರಲ್ಲಿ ಇರಬಹುದು. ಪ್ರಯೋಗ ಮಾಡಿ ನೋಡಿದ ಕಡೆಯೂ ಕೆಟ್ಟ ಕೊಲೆಸ್ಟ್ರಾಲ್ ಸ್ವಲ್ಪ ಇಳಿದಿದೆ. ಸ್ವಲ್ಪ ಅಷ್ಟೇ. ಡಾಕ್ಟರ್ ಕೊಟ್ಟ ಮಾತ್ರೆ ಬಿಡುವಷ್ಟಲ್ಲ.

ತೂಕದ ವಿಷಯದಲ್ಲಂತೂ ಜನರಿಗೆ ಸುಮ್ನೆ ಆಸೆ ಹುಟ್ಟಿಸುತ್ತಾರೆ. ಕಾಕ್ರೇನ್ ಅನ್ನುವ ಸಂಸ್ಥೆ 2012ರಲ್ಲಿ ಅಲ್ಲಿವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. ಇಳಿದ ತೂಕ ಲೆಕ್ಕಕ್ಕೆ ಬರುವಷ್ಟಿರಲಿಲ್ಲ. ಗ್ರೀನ್ ಟೀ ಸತ್ವದ ಕ್ಯಾಪ್ಸೂಲ್‌ಗಳಿಂದ ದಯವಿಟ್ಟು ದೂರ ಇರಿ. ಇಜಿಸಿಜಿ ಅನ್ನುವ ಮುಖ್ಯ ಕ್ಯಾಟೆಚಿನ್, ಕ್ಯಾಪ್ಸೂಲ್ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಲಿವರ್‌ಗೆ ತೊಂದರೆ ಆಗಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಎಚ್ಚರಿಸಿದೆ. ಸೋಸಿ ಕುಡಿಯುವ ಚಹಾದಿಂದ ಸಾಮಾನ್ಯವಾಗಿ ಆ ಭಯ ಇಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ವಿಷಯ ಈಗ ಬಂತು. ನಮ್ಮ ರಾಜ್ಯದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ ಅಂತ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ನಮ್ಮ ಊಟದಲ್ಲಿ ಕಬ್ಬಿಣದ ಅಂಶ ಬಹುಪಾಲು ಬರುವುದು ಸೊಪ್ಪು, ಕಾಳು, ರಾಗಿಯಿಂದ. ಊಟದ ಜೊತೆಗೇ ಚಹಾ ಕುಡಿದರೆ ಅದರ ಒಗರು ಈ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಮೈಗೆ ಸೇರಬೇಕಾದದ್ದು ಸೇರುವುದಿಲ್ಲ. ಗ್ರೀನ್ ಟೀ ಆಗಲಿ, ಹಾಲಿನ ಟೀ ಆಗಲಿ, ಊಟಕ್ಕೂ ಅದಕ್ಕೂ ಒಂದು ಗಂಟೆಯಾದರೂ ಅಂತರ ಇರಲಿ. ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗಲೇಬೇಡಿ. ಊಟದ ತಟ್ಟೆಗೆ ಒಂದು ಹೋಳು ನಿಂಬೆಹಣ್ಣು ಹಿಂಡಿಕೊಳ್ಳಿ, ಅದು ಕಬ್ಬಿಣ ಒಳಗೆ ಸೇರಲು ಸಹಾಯ ಮಾಡುತ್ತದೆ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಗ್ರೀನ್ ಟೀ ಕುಡಿದರೆ ಕೆಲವರಿಗೆ ವಾಕರಿಕೆ, ಹೊಟ್ಟೆ ಉರಿ ಬರುತ್ತದೆ. ಅಂಥವರಿಗೆ ತಿಂಡಿ ಆಗಿ ಸ್ವಲ್ಪ ಹೊತ್ತಾದ ಮೇಲೆ, ಹನ್ನೊಂದು ಗಂಟೆಯ ಹೊತ್ತು ಚೆನ್ನಾಗಿರುತ್ತದೆ.

ಮಾಡುವುದು ಹೇಗೆ? ಕಹಿ ಅಂತ ಬಿಟ್ಟವರು ಹೆಚ್ಚಿನವರು ಎಲೆಯನ್ನು ನೀರಿನ ಜೊತೆ ಕುದಿಸಿದವರು. ಹಾಲಿನ ಟೀ ಮಾಡಿದ ಅಭ್ಯಾಸ, ಕೈ ತಾನಾಗಿ ಹಾಗೇ ಮಾಡುತ್ತದೆ. ಒಂದು ಲೋಟ ನೀರು ಕುದಿಸಿ ಒಲೆ ಆರಿಸಿ. ಮುಚ್ಚಳ ತೆಗೆದು ನಾಲ್ಕೈದು ನಿಮಿಷ ಬಿಡಿ. ಆಮೇಲೆ ಒಂದು ಚಿಕ್ಕ ಚಮಚ ಎಲೆ ಹಾಕಿ, ಮುಚ್ಚಿ, ಎರಡು ನಿಮಿಷಕ್ಕೆ ಸೋಸಿ. ಸುರುಟಿಕೊಂಡಿದ್ದ ಎಲೆ ನೀರಿನಲ್ಲಿ ಮೆಲ್ಲಗೆ ಬಿಚ್ಚಿಕೊಂಡು ಅಗಲ ಆಗಿರುತ್ತದೆ. ನೀರು ತಿಳಿ ಹಳದಿ ಹಸಿರು ಬಣ್ಣಕ್ಕೆ ಬಂದಿದ್ದರೆ ಸಾಕು. ಗಾಢ ಕಂದು ಬಣ್ಣ ಬಂತು ಅಂದರೆ ಹೊತ್ತು ಜಾಸ್ತಿ ಆಯಿತು, ಅಥವಾ ಎಲೆ ಹಳೆಯದು ಅಂತ ಅರ್ಥ. ಒಳ್ಳೆಯ ಎಲೆಯಾದರೆ ಅದಕ್ಕೇ ಇನ್ನೊಂದು ಸಲ ನೀರು ಹಾಕಿ ಕುಡಿಯಬಹುದು. ಜೇನುತುಪ್ಪ ಬೆರೆಸುವವರು ನೆನಪಿಡಿ, ಅದೂ ಸಕ್ಕರೆಯೇ. ಬಾಯಿ ಸುಡುವ ಹಾಗೆ ಕುಡಿಯುವುದೂ ಬೇಡ. 65 ಡಿಗ್ರಿಗಿಂತ ಬಿಸಿಯಾದ ಪಾನೀಯ ಅನ್ನನಾಳಕ್ಕೆ ಒಳ್ಳೆಯದಲ್ಲ.

ಗ್ರೀನ್ ಟೀಯಲ್ಲೂ ಕೆಫೀನ್ ಇದೆ. ಕಾಫಿಗಿಂತ ಕಡಿಮೆ, ಆದರೂ ಇದೆ. ನಿದ್ದೆ ಬೇಗ ಕೆಡುವವರು ಸಂಜೆ ಮೇಲೆ ಬಿಡಿ. ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ಕುಡಿಯಲಿ. ಔಷಧಿಗಳಲ್ಲಿ ಎರಡನ್ನು ಹೆಸರು ಹಿಡಿದು ಹೇಳುತ್ತೇನೆ. ಬಿಪಿಗೆ ಕೊಡುವ ನಾಡೊಲಾಲ್ ಅನ್ನುವ ಮಾತ್ರೆಯ ಶಕ್ತಿ ಗ್ರೀನ್ ಟೀಯಿಂದ ಕುಗ್ಗುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ತೆಗೆದುಕೊಳ್ಳುವವರು ತುಂಬಾ ಗ್ರೀನ್ ಟೀ ಕುಡಿದರೆ ಅದರ ಪರಿಣಾಮವೂ ಏರುಪೇರಾಗಬಹುದು. ಈ ಮಾತ್ರೆಗಳು ನಿಮ್ಮ ಚೀಟಿಯಲ್ಲಿದ್ದರೆ, ದಿನಕ್ಕೆ ಎಷ್ಟು ಲೋಟ ಗ್ರೀನ್ ಟೀ ಕುಡಿಯುತ್ತೀರಿ ಅಂತ ನಿಮ್ಮ ಡಾಕ್ಟರಿಗೆ ತಪ್ಪದೆ ಹೇಳಿ.

ನಮಸ್ಕಾರ.