ಸಸಿ ನೆಡುವ ಮುಂಚೆ

ನಮಸ್ಕಾರ. ಊರಿನಲ್ಲಿ ಜೀವವೈವಿಧ್ಯ ಹೆಚ್ಚಿಸೋಣ ಅಂತ ಯಾರಾದರೂ ಹೊರಟರೆ ಮೊದಲು ನಡೆಯುವುದೇನು? ಗುಂಡಿ, ಸಸಿ, ಫೋಟೊ. ಸಸಿ ನೆಡುವುದು ತಪ್ಪಲ್ಲ. ಆದರೆ ಆ ಜಾಗದಲ್ಲಿ ಈಗಾಗಲೇ ಯಾರ್ಯಾರು ಬಿಡಾರ ಹೂಡಿದ್ದಾರೆ ಅಂತ ನೋಡದೆ ಗುದ್ದಲಿ ಹಾಕಿದರೆ, ಇದ್ದವರನ್ನು ಎಬ್ಬಿಸಿ ಕಳಿಸಿದ ಹಾಗೆ ಅಲ್ವಾ?

ಒಂದು ತುಂಡು ಬೋಳು ನೆಲ ಅಂತಿಟ್ಟುಕೊಳ್ಳಿ. ಚೆನ್ನಾಗಿ ಬಿಸಿಲು ಬೀಳುವ ಮಣ್ಣು. ನಮ್ಮ ಲೆಕ್ಕದಲ್ಲಿ ಅದು ಖಾಲಿ ಜಾಗ. ಸ್ವಲ್ಪ ಹೊತ್ತು ಸುಮ್ನೆ ಕೂತು ನೋಡಿ. ಪೆನ್ಸಿಲ್ ದಪ್ಪದ ಒಂದು ತೂತು, ಸುತ್ತ ಪುಡಿಮಣ್ಣಿನ ಪುಟ್ಟ ಗುಡ್ಡೆ, ಅಷ್ಟರಲ್ಲಿ ಕಾಲಿಗೆಲ್ಲ ಹಳದಿ ಪರಾಗ ಮೆತ್ತಿಕೊಂಡ ಒಂದು ಜೇನು ಬಂದು ಸರಕ್ಕನೆ ಒಳಗೆ ಇಳಿಯುತ್ತದೆ. ಜೇನು ಅಂದರೆ ನಮಗೆ ಮರದ ಮೇಲಿನ ಹುಟ್ಟು ನೆನಪಾಗುತ್ತದೆ, ಆದರೆ ಜಗತ್ತಿನ 20,000ಕ್ಕೂ ಮಿಕ್ಕಿದ ಜೇನು ಜಾತಿಗಳಲ್ಲಿ ಹೆಚ್ಚಿನವು ಗೂಡು ಮಾಡುವುದು ನೆಲದೊಳಗೆ. ಅಲ್ಲಿ ಟೈಲ್ಸ್ ಕೂರಿಸಿಬಿಟ್ಟರೆ, ಪಕ್ಕದಲ್ಲಿ ಎಷ್ಟು ಹೂಗಿಡ ಇಟ್ಟರೂ ಊಟ ಉಂಟು, ಮನೆ ಇಲ್ಲ.

ಹಾಗಾಗಿ ಮೊದಲು ಎಣಿಕೆ. ಸಿಂಗಪುರ 2008ರಲ್ಲಿ ನಗರಗಳಿಗೆ ಒಂದು ಜೀವವೈವಿಧ್ಯ ಸೂಚ್ಯಂಕ ಬೇಕು ಅಂತ ಮುಂದಿಟ್ಟಿತು. ಅದರಲ್ಲಿ ಹಕ್ಕಿ, ಚಿಟ್ಟೆಗಳಿಗಷ್ಟೇ ಅಂಕ ಅಲ್ಲ. ಹಸಿರು ಜಾಗಗಳು ಒಂದಕ್ಕೊಂದು ಕೂಡಿಕೊಂಡಿವೆಯೇ, ಬಜೆಟ್ಟಿನಲ್ಲಿ ಇದಕ್ಕೆ ಎಷ್ಟು ಎತ್ತಿಟ್ಟಿದ್ದೀರಿ ಅನ್ನುವುದಕ್ಕೂ ಉಂಟು. ಈ ಕೊನೆಯ ಪ್ರಶ್ನೆ ನನಗೆ ಬಹಳ ಇಷ್ಟ, ಎಷ್ಟೋ ಭಾಷಣ ಅಲ್ಲೇ ನಿಂತುಹೋಗುತ್ತವೆ.

ಕೂಡಿಸುವುದಕ್ಕೆ ದೊಡ್ಡ ಖರ್ಚೇ ಬೇಕು ಅಂತೇನಿಲ್ಲ. ಬ್ರಿಟನ್ನಿನಲ್ಲಿ ಹೆಡ್ಜ್‌ಹಾಗ್ ಅನ್ನುವ, ಮೈತುಂಬ ಮುಳ್ಳಿರುವ ಪುಟ್ಟ ಪ್ರಾಣಿಗಾಗಿ ಬೇಲಿಯ ಬುಡದಲ್ಲಿ 13 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ಒಂದು ಕಿಂಡಿ ಬಿಡಿ ಅನ್ನುತ್ತಾರೆ. ಅಷ್ಟು ಸಾಕು, ರಾತ್ರಿ ಅದು ಹಿತ್ತಲಿಂದ ಹಿತ್ತಲಿಗೆ ದಾಟಿಕೊಳ್ಳುತ್ತದೆ. ಬೀದಿದೀಪದ ಬೆಳಕು ಆಕಾಶಕ್ಕೆ ಹೋಗದೆ ರಸ್ತೆಗಷ್ಟೇ ಬೀಳುವಂತೆ ತಿರುಗಿಸಿದರೆ ಪತಂಗಗಳೂ ಬದುಕಿಕೊಳ್ಳುತ್ತವೆ.

ಇನ್ನು ಹುಲ್ಲಿನ ವಿಷಯ. ಯೋಜನೆಯ ಪುಸ್ತಕ ಎಷ್ಟೇ ದಪ್ಪ ಇರಲಿ, ಹುಲ್ಲು ಕತ್ತರಿಸುವ ಗುತ್ತಿಗೆಯಲ್ಲಿ 'ತಿಂಗಳಿಗೊಮ್ಮೆ' ಅಂತಿದ್ದರೆ ಮೆಷಿನ್ ಹಿಡಿದವರು ಹೂವಿದ್ದರೂ ಕತ್ತರಿಸುತ್ತಾರೆ, ಪಾಪ, ಅವರದೇನೂ ತಪ್ಪಿಲ್ಲ. 'ಬೀಜ ಉದುರಿದ ಮೇಲೆ' ಅಂತ ಗುತ್ತಿಗೆಯಲ್ಲೇ ಬರೆಸಬೇಕು. ಜೊತೆಗೆ 'ಇದನ್ನು ಬೇಕಂತಲೇ ಬಿಟ್ಟಿದ್ದೇವೆ' ಅಂತ ಒಂದು ಬೋರ್ಡೂ ನೆಡಿ. ಇಲ್ಲದಿದ್ದರೆ ಹುಲ್ಲು ಮೊಣಕಾಲಿಗೆ ಬರುವ ಮೊದಲೇ ದೂರು ಬಂದಿರುತ್ತದೆ.